ನಮ್ಮಂಥವರೂ ವಿಜ್ಞಾನಿಗಳು: ಶಾಲೆಯಲ್ಲಿ ವಿಜ್ಞಾನಿಗಳ ಪ್ರದರ್ಶನ ಕಟ್ಟುವ ಬಗೆ

ಗೋಡೆಯ ಮೇಲೆ ಹತ್ತಾರು ಭಾವಚಿತ್ರಗಳನ್ನು ಸಾಲಾಗಿ ಹಚ್ಚಿ, ಕೆಳಗೆ ಹುಟ್ಟಿದ ದಿನ, ಬಂದ ಪ್ರಶಸ್ತಿ, ಒಂದು ಸೂಕ್ತಿ ಬರೆದರೆ ಅದು ಪ್ರದರ್ಶನವೇನೋ ಆಗುತ್ತದೆ. ಆದರೆ ಅದರ ಮುಂದೆ ನಿಂತ ಹುಡುಗಿ ‘ಇವರು ದೊಡ್ಡವರು’ ಎಂದುಕೊಂಡು ಮುಂದೆ ಹೋಗುತ್ತಾಳೆ. ‘ಇದನ್ನು ನಾನೂ ಮಾಡಬಹುದು’ ಎಂದು ಅವಳಿಗೆ ಅನ್ನಿಸಬೇಕಾದರೆ ಫಲಕದಲ್ಲಿ ಬೇರೆಯದೇ ಸಂಗತಿ ಇರಬೇಕು: ಆ ವ್ಯಕ್ತಿ ಕೈಯಿಂದ ಏನು ಮಾಡಿದರು, ಎಲ್ಲಿ ಸಿಕ್ಕಿಹಾಕಿಕೊಂಡರು, ಯಾರ ನೆರವಿನಿಂದ ದಾಟಿದರು.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನ್ಯೂಯಾರ್ಕಿನ 9 ಮತ್ತು 10ನೇ ತರಗತಿಯ 402 ವಿದ್ಯಾರ್ಥಿಗಳಿಗೆ ಐನ್‌ಸ್ಟೀನ್, ಮೇರಿ ಕ್ಯೂರಿ, ಫ್ಯಾರಡೆ ಅವರ ಬಗ್ಗೆ ಓದಲು ಕೊಟ್ಟರು. ಕೆಲವರಿಗೆ ಸಾಧನೆಗಳ ಪಟ್ಟಿ ಮಾತ್ರ, ಉಳಿದವರಿಗೆ ಅದೇ ವಿಜ್ಞಾನಿಗಳು ಪಟ್ಟ ಪಾಡು. ಪಾಡಿನ ಕಥೆ ಓದಿದವರ ವಿಜ್ಞಾನದ ಅಂಕ ಏರಿತು. ಓದಿನಲ್ಲಿ ಹಿಂದಿದ್ದವರಿಗೆ ಹೆಚ್ಚು ಲಾಭವಾಯಿತು. ಸಾಧನೆಯ ಪಟ್ಟಿ ಓದಿದವರ ಅಂಕ ಇಳಿಯಿತು. ಮಹಾತ್ಮರ ಚಿತ್ರಪಟ ಮಕ್ಕಳನ್ನು ಮೇಲೆತ್ತುವ ಬದಲು ಕುಗ್ಗಿಸಲೂಬಹುದು ಎಂಬುದನ್ನು ಕೆಲಸ ಶುರುಮಾಡುವ ಮುನ್ನವೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಒಟ್ಟು ಕೆಲಸಕ್ಕೆ ಆರು ವಾರ ಇಟ್ಟುಕೊಳ್ಳಿ. ಪ್ರತಿವರ್ಷ ಫೆಬ್ರವರಿ 11 ವಿಜ್ಞಾನದಲ್ಲಿ ಮಹಿಳೆಯರು ಮತ್ತು ಹೆಣ್ಣುಮಕ್ಕಳ ಅಂತರರಾಷ್ಟ್ರೀಯ ದಿನ. ಪ್ರದರ್ಶನ ತೆರೆಯಲು ಅದು ಒಳ್ಳೆಯ ನೆಪ. ಆದರೆ ಆ ಒಂದು ದಿನಕ್ಕಷ್ಟೇ ಎಂದು ಕಟ್ಟಬೇಡಿ. ಪಾಠದ ಜೊತೆ ಇಡೀ ವರ್ಷ ಬಳಸುವಂತೆ ಕಟ್ಟಿ.

ಮೊದಲ ವಾರ: ಮಕ್ಕಳ ಮನಸ್ಸಿನಲ್ಲಿರುವ ವಿಜ್ಞಾನಿ ಯಾರು?

ಫಲಕಗಳ ಸುದ್ದಿ ಎತ್ತುವ ಮೊದಲೇ ಒಂದು ಚಿತ್ರ ಬರೆಸಿ. ಡೇವಿಡ್ ವೇಡ್ ಚೇಂಬರ್ಸ್ ಎಂಬ ಸಂಶೋಧಕ ರೂಪಿಸಿದ ಪರೀಕ್ಷೆ ಇದು. 1983ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ 4,807 ಮಕ್ಕಳ ಪೈಕಿ ಹೆಣ್ಣನ್ನು ವಿಜ್ಞಾನಿಯಾಗಿ ಬರೆದವರು ಬರೀ 28 ಮಂದಿ, ಆ 28 ಮಂದಿಯೂ ಹುಡುಗಿಯರೇ. ಕಾಲ ಬದಲಾಗಿದೆ. ಅಮೆರಿಕದಲ್ಲಿ ಐದು ದಶಕ ನಡೆದ ಇಂಥ 78 ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ಲೆಕ್ಕಹಾಕಿದಾಗ, 1985ರಿಂದೀಚೆಗೆ ಸರಾಸರಿ ಶೇ. 28 ಮಕ್ಕಳು ಹೆಣ್ಣನ್ನು ಬರೆದಿದ್ದರು. ಆದರೆ ಮಕ್ಕಳು ದೊಡ್ಡವರಾದಂತೆ ಗಂಡಸರ ಚಿತ್ರವೇ ಹೆಚ್ಚುತ್ತಾ ಹೋಗುತ್ತದೆ. ಶಾಲೆಯ ವರ್ಷಗಳಲ್ಲೇ ಈ ಕಲ್ಪನೆ ಗಟ್ಟಿಯಾಗುತ್ತದೆ ಎಂದಾಯಿತು. ಅದನ್ನು ಸಡಿಲಿಸಲು ಸರಿಯಾದ ಜಾಗವೂ ಶಾಲೆಯೇ.

ಮಾಡುವ ಕ್ರಮ ಹೀಗೆ. ಪ್ರತಿ ಮಗುವಿಗೆ ಎರಡು ಎ4 ಹಾಳೆ, ಒಂದು ಪೆನ್ಸಿಲ್, ಒಂದೊಂದು ಚಿತ್ರಕ್ಕೆ ಹದಿನೈದು ನಿಮಿಷ. ಹಾಳೆಯ ಮೇಲೆ ಹೆಸರು ಬೇಡ, ಮೂಲೆಯಲ್ಲಿ ಒಂದು ಸಂಖ್ಯೆ ಸಾಕು. ಸೂಚನೆಯನ್ನು ಬೋರ್ಡಿನ ಮೇಲೆ ಬರೆದೇಬಿಡಿ: ‘ವಿಜ್ಞಾನಿಯೊಬ್ಬರು ಕೆಲಸ ಮಾಡುತ್ತಿರುವ ಚಿತ್ರ ಬರೆಯಿರಿ. ಅವರ ಹೆಸರು, ವಯಸ್ಸು, ಏನು ಮಾಡುತ್ತಿದ್ದಾರೆ ಎಂದು ಕೆಳಗೆ ಬರೆಯಿರಿ.’ ‘ವಿಜ್ಞಾನಿಯೊಬ್ಬ’ ಎಂದು ಬಾಯಿತಪ್ಪಿಯೂ ಹೇಳಬೇಡಿ. ಆ ಒಂದು ಪ್ರತ್ಯಯದಲ್ಲೇ ಉತ್ತರ ಹೇಳಿಕೊಟ್ಟಂತಾಗಿ, ಇಡೀ ತರಗತಿಯ ಫಲಿತಾಂಶ ಕೆಡುತ್ತದೆ. ಮೊದಲ ಚಿತ್ರ ವಾಪಸು ತೆಗೆದುಕೊಂಡ ಮೇಲೆ ‘ಇನ್ನೊಬ್ಬರು ವಿಜ್ಞಾನಿಯ ಚಿತ್ರವನ್ನು, ಬೇರೆ ಜಾಗದಲ್ಲಿ ಬರೆಯಿರಿ’ ಎನ್ನಿ. ಮೊದಲ ಚಿತ್ರದಲ್ಲಿ ಎಲ್ಲರಿಗೂ ಗುರುತು ಸಿಗುವ ವಿಜ್ಞಾನಿ ಬರುತ್ತಾನೆ. ಮಗುವಿಗೆ ಅದರಾಚೆ ಇನ್ನೇನಾದರೂ ಗೊತ್ತಿದೆಯೇ ಎಂಬುದು ಎರಡನೆಯದರಲ್ಲಿ ತಿಳಿಯುತ್ತದೆ.

ಎಣಿಸುವಾಗ ಬಿಳಿ ಕೋಟು, ಕನ್ನಡಕ, ಗಡ್ಡಮೀಸೆ, ಗಾಜಿನ ಉಪಕರಣ, ಪುಸ್ತಕ ಇವುಗಳಿಗೆ ಒಂದೊಂದು ಗುರುತು ಹಾಕಿ. ಜೊತೆಗೆ ಇನ್ನೂ ಮೂರು ನೋಡಿ: ವಿಜ್ಞಾನಿ ಒಬ್ಬರೇ ಇದ್ದಾರೋ ಇತರರ ಜೊತೆಗೋ, ಕೋಣೆಯೊಳಗೋ ಬಯಲಿನಲ್ಲೋ, ಏನು ಮಾಡುತ್ತಿದ್ದಾರೆ ಎಂಬುದು ಸ್ಪಷ್ಟವಿದೆಯೋ ಇಲ್ಲವೋ. ಈ ಮೂರನೆಯದರಲ್ಲೇ ಹೆಚ್ಚಿನ ತರಗತಿಗಳು ಎಡವುತ್ತವೆ. ಕೋಟು ಹಾಕಿದ ಮನುಷ್ಯ ಹೊಗೆಯಾಡುವ ಬಾಟಲಿ ಹಿಡಿದಿರುತ್ತಾನೆ. ಏಕೆ ಹಿಡಿದಿದ್ದಾನೆ ಎಂದು ಮಗುವಿಗೆ ಗೊತ್ತಿರುವುದಿಲ್ಲ. ನಿಮ್ಮ ತರಗತಿಯ ಚಿತ್ರಗಳಲ್ಲಿ ಏನಿಲ್ಲ ಎಂದು ನೋಡಿಕೊಂಡು, ಅದನ್ನು ತುಂಬುವಂತೆ ಪ್ರದರ್ಶನ ಕಟ್ಟಿ. ಹಾಳೆಗಳನ್ನು ಎಸೆಯಬೇಡಿ, ಕೊನೆಯಲ್ಲಿ ಬೇಕಾಗುತ್ತವೆ. ಅಂಕವನ್ನಂತೂ ಹಾಕಲೇಬೇಡಿ, ಇದು ಮಕ್ಕಳ ತಪ್ಪು ಹುಡುಕುವ ಪರೀಕ್ಷೆಯಲ್ಲ.

ಎರಡನೇ ವಾರ: ಹನ್ನೆರಡು ಮಂದಿಯ ಆಯ್ಕೆ

ಹನ್ನೆರಡು ಸಾಕು. ಇಪ್ಪತ್ತು ಮಾಡಿದರೆ ಯಾವ ಫಲಕವನ್ನೂ ಮಕ್ಕಳು ನಿಂತು ಓದುವುದಿಲ್ಲ. ಹಾಳೆಯ ಮೇಲೆ ಒಂದು ಕೋಷ್ಟಕ ಎಳೆಯಿರಿ: ಒಬ್ಬೊಬ್ಬರಿಗೆ ಒಂದು ಅಡ್ಡಸಾಲು, ಕಂಬಸಾಲುಗಳಲ್ಲಿ ವಿಷಯ, ದೇಶ, ಕಾಲ, ಬದುಕಿದ್ದಾರೋ ಇಲ್ಲವೋ, ಲಿಂಗ, ವಿಜ್ಞಾನಕ್ಕೆ ಬಂದ ದಾರಿ, ಎದುರಾದ ಅಡ್ಡಿ, ಕೆಲಸದ ಬಗೆ. ಯಾವುದೇ ಕಂಬಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಒಂದೇ ಉತ್ತರ ಬಂದರೆ ಪಟ್ಟಿ ತಿದ್ದಬೇಕು. ‘ಬದುಕಿದ್ದಾರೋ ಇಲ್ಲವೋ’ ಎಂಬ ಕಂಬಸಾಲಿಗೆ ಮಾತ್ರ ಇದು ಬೇಡ, ಅಲ್ಲಿ ಬದುಕಿರುವವರು ಕನಿಷ್ಠ ನಾಲ್ವರಿದ್ದರೆ ಸಾಕು. ನೊಬೆಲ್ ಪಡೆದವರು ನಾಲ್ವರನ್ನು ಮೀರದಿರಲಿ. ಹನ್ನೆರಡೂ ಮಂದಿ ನೊಬೆಲ್ ವಿಜೇತರಾದರೆ ವಿಜ್ಞಾನವೆಂದರೆ ಪ್ರಶಸ್ತಿ ಎಂದು ಮಕ್ಕಳು ತಿಳಿಯುತ್ತಾರೆ.

‘ಕೆಲಸದ ಬಗೆ’ ಎಂಬ ಕಂಬಸಾಲನ್ನು ಜನ ಮರೆತೇಬಿಡುತ್ತಾರೆ. ಹೆಣ್ಣು, ಗಂಡು, ಬಣ್ಣ, ದೇಶ ಎಲ್ಲ ಸಮತೂಕವಾಗಿದ್ದರೂ ಹನ್ನೆರಡೂ ಮಂದಿ ಪ್ರಯೋಗಾಲಯದಲ್ಲಿ ನಿಂತವರೇ ಆದರೆ ಅದು ಏಕತಾನ. ಉಪಕರಣ ಕಟ್ಟಿದವರು ಬೇಕು: ಹವಾಮಾನ ವಿಜ್ಞಾನಿ ಅನ್ನಾ ಮಣಿ ಓಜೋನ್ ಅಳೆಯುವ ಉಪಕರಣ ರೂಪಿಸಿದರು, ಭಾರತದ ಬಿಸಿಲು ಮತ್ತು ಗಾಳಿಯ ಅಳತೆಗೆ ಜಾಲವನ್ನೇ ಕಟ್ಟಿದರು. ಲೆಕ್ಕ ಹಾಕಿದವರು ಬೇಕು: ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ 1962ರಲ್ಲಿ ಭೂಮಿ ಸುತ್ತುವ ಮುನ್ನ ಕಂಪ್ಯೂಟರಿನ ಲೆಕ್ಕವನ್ನು ಕೈಯಾರೆ ತಾಳೆ ನೋಡಿದವರು ಕ್ಯಾಥರೀನ್ ಜಾನ್ಸನ್. ವಿಂಗಡಿಸಿದವರು ಬೇಕು: ಕಿವಿ ಬಹುಪಾಲು ಕೇಳಿಸದಿದ್ದ ಆ್ಯನಿ ಜಂಪ್ ಕ್ಯಾನನ್ ಸುಮಾರು ಮೂರೂವರೆ ಲಕ್ಷ ನಕ್ಷತ್ರಗಳನ್ನು ಅವುಗಳ ರೋಹಿತ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ) ನೋಡಿ ವಿಂಗಡಿಸಿದರು. ಮುಟ್ಟಿ ನೋಡಿದವರು ಬೇಕು: ಹೇರತ್ ವರ್ಮಯ್ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು, ಕಪ್ಪೆಚಿಪ್ಪು, ಶಂಖಗಳನ್ನು ಬೆರಳಿನಿಂದ ಓದಿ, ಏಡಿಗಳ ದಾಳಿಗೆ ಎದುರಾಗಿ ಚಿಪ್ಪುಗಳು ಯುಗಯುಗಗಳಲ್ಲಿ ಹೇಗೆ ದಪ್ಪವಾದವು ಎಂದು ತೋರಿಸಿದರು. ಸಸ್ಯದ ಕೋಶ ನೋಡಿದವರು ಬೇಕು: ಕಬ್ಬಿನ ವರ್ಣತಂತುಗಳ ಮೇಲೆ ಕೆಲಸ ಮಾಡಿದ ಜಾನಕಿ ಅಮ್ಮಾಳ್. ಹಳೆಯ ಗ್ರಂಥವೊಂದರ ಸುಳಿವು ಹಿಡಿದು ಮಲೇರಿಯಾದ ಮದ್ದನ್ನು ಬೇರ್ಪಡಿಸಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂದಾಗ ಡಾಕ್ಟರೇಟ್ ಪದವಿಯೇ ಇರಲಿಲ್ಲ.

ಅಡ್ಡಿಗಳಲ್ಲೂ ಬಗೆಬಗೆ ಇರಲಿ. ಬಡತನ (ಖಭೌತವಿಜ್ಞಾನಿ ಮೇಘನಾದ ಸಹಾ), ಜನಾಂಗದ್ವೇಷ (ರಸಾಯನವಿಜ್ಞಾನಿ ಪರ್ಸಿ ಜೂಲಿಯನ್), ಪ್ರವೇಶವನ್ನೇ ನಿರಾಕರಿಸಿದ್ದು (ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ), ಕೆಲಸದ ಶ್ರೇಯ ಬೇರೆಯವರಿಗೆ ಹೋದದ್ದು (ಭೌತವಿಜ್ಞಾನಿ ಲಿಸೆ ಮೈಟ್ನರ್). ನರವಿಜ್ಞಾನಿ ಬೆನ್ ಬ್ಯಾರಸ್ ಹೆಣ್ಣಿನ ಹೆಸರಿನಲ್ಲಿ ಓದಿ, ಆಮೇಲೆ ಗಂಡಾಗಿ ಬದುಕಿದವರು. ಅವರ ಉಪನ್ಯಾಸ ಕೇಳಿದ ಒಬ್ಬರು ‘ಇವರ ಕೆಲಸ ಇವರ ಅಕ್ಕತಂಗಿಯ ಕೆಲಸಕ್ಕಿಂತ ಎಷ್ಟೋ ಚೆನ್ನಾಗಿದೆ’ ಎಂದರಂತೆ. ಆ ‘ಅಕ್ಕತಂಗಿ’ ಬೇರಾರೂ ಅಲ್ಲ, ಅವರೇ. ಪೂರ್ವಗ್ರಹ ಹೇಗೆ ಕೆಲಸ ಮಾಡುತ್ತದೆ ಎಂದು ಹದಿಹರೆಯದವರಿಗೆ ತಿಳಿಸಲು ಇಷ್ಟು ಚಿಕ್ಕದಾದ, ಇಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ.

ಒಂದು ಎಚ್ಚರಿಕೆ. ಬದುಕಿರುವವರ ಜಾತಿ, ಧರ್ಮ, ಅಂಗವೈಕಲ್ಯ, ಲೈಂಗಿಕತೆ ಇವು ಯಾವುದನ್ನೂ, ಅವರೇ ಸಾರ್ವಜನಿಕವಾಗಿ ಹೇಳಿಕೊಂಡಿಲ್ಲವಾದರೆ ಫಲಕಕ್ಕೆ ತರಬೇಡಿ. ‘ಇಂಥವರೊಬ್ಬರು ಬೇಕಿತ್ತು’ ಎಂದು ಊಹಿಸಿ ಸೇರಿಸುವುದು ಅವರಿಗೆ ಮಾಡುವ ಅನ್ಯಾಯ.

ಮೂರನೇ ವಾರ: ಫಲಕದ ಬರಹ

ಇಡೀ ಪ್ರದರ್ಶನ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಸಾಮಾನ್ಯವಾಗಿ ಕಾಣಸಿಗುವ ಬರಹದ ಮಾದರಿ ಇದು:

‘ಆಗ್ನೆಸ್ ಪೊಕೆಲ್ಸ್ (1862–1935). ಜರ್ಮನಿಯ ಮಹಾನ್ ಮಹಿಳಾ ವಿಜ್ಞಾನಿ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ಮೇಲ್ಮೈ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಅಪ್ರತಿಮ ಪ್ರತಿಭೆ. ಛಲವೊಂದಿದ್ದರೆ ಏನನ್ನೂ ಸಾಧಿಸಬಹುದು ಎಂಬುದಕ್ಕೆ ಇವರ ಜೀವನವೇ ಸಾಕ್ಷಿ.’

ಓದಿದ ಮಗುವಿಗೆ ಏನು ಸಿಕ್ಕಿತು? ಅವರು ಏನು ಮಾಡಿದರು ಎಂಬುದು ಸಿಗಲಿಲ್ಲ. ‘ಅಪ್ರತಿಮ’ ಎಂದೊಡನೆ ಬಾಗಿಲು ಮುಚ್ಚಿತು. ‘ಛಲವಿದ್ದರೆ ಸಾಕು’ ಎಂದಿದ್ದಂತೂ ಸುಳ್ಳು. ಅವರಿಗೆ ಛಲವಿದ್ದೂ ಹಲವು ವರ್ಷ ಏನನ್ನೂ ಪ್ರಕಟಿಸಲಾಗಲಿಲ್ಲ. ‘ಮಹಿಳಾ ವಿಜ್ಞಾನಿ’ ಎಂಬ ಹಣೆಪಟ್ಟಿಯೂ ಬೇಡ. ಪಕ್ಕದ ಫಲಕದಲ್ಲಿ ‘ಪುರುಷ ವಿಜ್ಞಾನಿ’ ಎಂದು ಬರೆಯದವರು ಇಲ್ಲಿ ಹೀಗೆ ಬರೆಯಬಾರದು. ಅದೇ ವ್ಯಕ್ತಿಯ ಬಗ್ಗೆ ಹೀಗೆ ಬರೆಯಬಹುದು:

‘ಎಣ್ಣೆಪಸೆ ತಾಗಿದ ನೀರಿನ ಮೈ, ಶುದ್ಧ ನೀರಿನ ಮೈಯಂತೆ ಏಕಿಲ್ಲ? 1880ರ ದಶಕದಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಆಗ್ನೆಸ್ ಪೊಕೆಲ್ಸ್ ಈ ಪ್ರಶ್ನೆಯ ಬೆನ್ನುಹತ್ತಿದರು. ಆಗ ಅಲ್ಲಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಭೌತವಿಜ್ಞಾನ ಓದುತ್ತಿದ್ದ ತಮ್ಮ ಫ್ರೀಡ್ರಿಶ್ ಒದಗಿಸಿದ ಪುಸ್ತಕಗಳೇ ಅವರ ಕಾಲೇಜು. ಕಾಯಿಲೆಯ ತಂದೆತಾಯಿಯನ್ನು ನೋಡಿಕೊಳ್ಳುವುದೂ ಅವರ ಪಾಲಿಗಿತ್ತು. 70 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 2 ಸೆಂ.ಮೀ. ಆಳದ ತವರದ ತೊಟ್ಟಿಗೆ ಅಂಚಿನವರೆಗೆ ನೀರು ತುಂಬಿ, ಮೇಲೊಂದು ತಗಡಿನ ಪಟ್ಟಿ ಅಡ್ಡವಿಟ್ಟು ಅತ್ತಿತ್ತ ಸರಿಸುತ್ತ ನೀರಿನ ಮೈಯನ್ನು ಹಿಗ್ಗಿಸಿ ಕುಗ್ಗಿಸಿ ಅಳೆದರು. ಕಂಡದ್ದನ್ನು ಪ್ರಕಟಿಸಲು ದಾರಿ ಇರಲಿಲ್ಲ. 1891ರ ಜನವರಿಯಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ ಅವರಿಗೆ ಜರ್ಮನ್ ಭಾಷೆಯಲ್ಲೇ ಒಂದು ಪತ್ರ ಬರೆದರು. ರೇಲೀ ಅದನ್ನು ಅನುವಾದ ಮಾಡಿಸಿ ‘ನೇಚರ್’ ಪತ್ರಿಕೆಗೆ ಕಳಿಸಿದರು. ಮಾರ್ಚ್ 12ರ ಸಂಚಿಕೆಯಲ್ಲಿ ಅಚ್ಚಾಯಿತು. ಒಂದೇ ಅಣು ದಪ್ಪದ ಪದರಗಳನ್ನು ಅಳೆಯಲು ಇಂದಿಗೂ ಬಳಸುವ ತೊಟ್ಟಿಗೆ ಮೂಲ ಇದೇ. ಕೆಳಗಿನ ತಟ್ಟೆಯಲ್ಲಿ ನೀವೂ ಪಟ್ಟಿ ಸರಿಸಿ ನೋಡಿ.’

ಇದರ ಕಟ್ಟನ್ನು ಗಮನಿಸಿ. ಮೊದಲು ಪ್ರಶ್ನೆ ಬರುತ್ತದೆ, ವ್ಯಕ್ತಿ ಆಮೇಲೆ. ಅಡ್ಡಿಯನ್ನು ಹೆಸರಿಟ್ಟು ಹೇಳಿದೆ: ವಿಶ್ವವಿದ್ಯಾಲಯದ ನಿಯಮ. ಅದು ವ್ಯಕ್ತಿಯ ಕೊರತೆಯಲ್ಲ, ವ್ಯವಸ್ಥೆಯದು. ನೆರವು ಕೊಟ್ಟವರೂ ಇದ್ದಾರೆ: ತಮ್ಮ, ರೇಲೀ. ಉಪಕರಣದ ಅಳತೆ ಇದೆ. ಕೊನೆಯಲ್ಲಿ ಓದುವವರ ಕೈಗೆ ಕೆಲಸ ಕೊಟ್ಟಿದೆ. ಹೊಗಳಿಕೆಯ ಒಂದು ಪದವೂ ಇಲ್ಲ, ಅದರ ಅಗತ್ಯವೂ ಬೀಳಲಿಲ್ಲ. ನಿಮ್ಮ ಹನ್ನೆರಡೂ ಫಲಕಗಳಲ್ಲಿ ‘ಮಹಾನ್’, ‘ಅದ್ವಿತೀಯ’, ‘ಹುಟ್ಟು ಪ್ರತಿಭೆ’, ‘ಅಂಗವೈಕಲ್ಯವನ್ನು ಮೆಟ್ಟಿನಿಂತ’ ಎಂಬ ಮಾತುಗಳನ್ನು ಹುಡುಕಿ ಹೊಡೆದುಹಾಕಿ. ಖಾಲಿಯಾದ ಜಾಗದಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಬರೆಯಿರಿ.

ಬರಹ 80ರಿಂದ 100 ಪದಗಳಲ್ಲಿ ಮುಗಿಯಲಿ. ಪೊಕೆಲ್ಸ್ ಫಲಕದ ಹಾಗೆ ಕೆಳಗೆ ಪ್ರಯೋಗವೂ ಇದ್ದರೆ ಅದನ್ನು ಸ್ವಲ್ಪ ಮೀರಿದರೂ ನಡೆಯುತ್ತದೆ.

ನಿಜವೇ ಎಂದು ನೋಡಿಕೊಳ್ಳುವುದು

ಮಾದರಿ ವ್ಯಕ್ತಿಗಳ ಸುತ್ತ ದಂತಕಥೆ ಬೇಗ ಬೆಳೆಯುತ್ತದೆ. ಮಕ್ಕಳು ಮುಂದೊಂದು ದಿನ ಅದು ಸುಳ್ಳೆಂದು ತಿಳಿದಾಗ, ನೀವು ಹೇಳಿದ ನಿಜವನ್ನೂ ನಂಬುವುದಿಲ್ಲ. ಪ್ರತಿ ಫಲಕದ ಪ್ರತಿ ವಾಕ್ಯಕ್ಕೆ ಎರಡು ಸ್ವತಂತ್ರ ಆಧಾರ ಬೇಕು. ಅವುಗಳಲ್ಲೊಂದು ಮೂಲಕ್ಕೆ ಹತ್ತಿರದ್ದಾಗಿರಲಿ: ಅವರದೇ ಪ್ರಬಂಧ, ಸಂದರ್ಶನ, ಪ್ರಶಸ್ತಿಯ ಅಧಿಕೃತ ವಿವರ. ಒಂದು ಜಾಲತಾಣದಿಂದ ಇನ್ನೊಂದು ನಕಲು ಮಾಡಿರುವುದು ಎರಡು ಆಧಾರವಲ್ಲ.

ಪದೇ ಪದೇ ತಪ್ಪುವ ಕಡೆಗಳಿವು. ‘ರೋಸಲಿಂಡ್ ಫ್ರಾಂಕ್ಲಿನ್‌ಗೆ ನೊಬೆಲ್ ತಪ್ಪಿಸಿದರು’ ಎಂದು ಬರೆಯುತ್ತಾರೆ. ಡಿಎನ್ಎ ರಚನೆಗೆ ನೊಬೆಲ್ ಕೊಟ್ಟಿದ್ದು 1962ರಲ್ಲಿ, ಅವರು ತೀರಿಕೊಂಡಿದ್ದು 1958ರಲ್ಲಿ. ಬದುಕಿದ್ದಾಗಲೇ ಹೆಸರು ಸೂಚಿತವಾಗಿರದಿದ್ದರೆ, ತೀರಿಹೋದವರನ್ನು ಆ ಪ್ರಶಸ್ತಿಗೆ ಪರಿಗಣಿಸುತ್ತಿರಲಿಲ್ಲ. ಅವರಿಗಾದ ನಿಜವಾದ ಅನ್ಯಾಯ ಬೇರೆ: ಅವರ ಗುಂಪಿನ ಕ್ಷ-ಕಿರಣ ಚಿತ್ರವನ್ನು ಅವರಿಗೆ ತಿಳಿಯದಂತೆ, ಆ ರಚನೆ ಕಂಡುಹಿಡಿದವರಲ್ಲೊಬ್ಬರಾದ ವಾಟ್ಸನ್‌ಗೆ ತೋರಿಸಲಾಗಿತ್ತು. ಅದನ್ನೇ ಬರೆಯಿರಿ. ರಕ್ತನಿಧಿಯ ಕೆಲಸಕ್ಕೆ ಹೆಸರಾದ ಕಪ್ಪು ಅಮೆರಿಕನ್ ವೈದ್ಯ ಚಾರ್ಲ್ಸ್ ಡ್ರೂ 1950ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಬಿಳಿಯರ ಆಸ್ಪತ್ರೆ ರಕ್ತ ಕೊಡದೆ ಸಾಯಿಸಿತು ಎಂಬ ಕಥೆ ಎಲ್ಲೆಡೆ ಇದೆ. ಅದು ನಿಜವಲ್ಲ, ಅವರಿಗೆ ಚಿಕಿತ್ಸೆ ಸಿಕ್ಕಿತ್ತು. ನಟಿ ಹೆಡಿ ಲಮಾರ್ ‘ವೈಫೈ ಕಂಡುಹಿಡಿದವರು’ ಅಲ್ಲ. ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ 1942ರಲ್ಲಿ ರೇಡಿಯೊ ತರಂಗಾಂತರ ಬದಲಿಸುತ್ತಾ ಹೋಗುವ ಗುಪ್ತ ಸಂವಹನ ಪದ್ಧತಿಗೆ ಪೇಟೆಂಟ್ ಪಡೆದವರು. ಅಷ್ಟೇ ಸಾಕಷ್ಟು ದೊಡ್ಡದು. ಐನ್‌ಸ್ಟೀನ್ ಗಣಿತದಲ್ಲಿ ನಪಾಸಾಗಿದ್ದರು ಎಂಬುದೂ ಸುಳ್ಳು. ಅನ್ನಾ ಮಣಿ ಅವರಿಗೆ ‘ಹೆಣ್ಣೆಂದು ಪಿಎಚ್‌ಡಿ ಕೊಡಲಿಲ್ಲ’ ಎಂದು ಬರೆಯುವುದುಂಟು. ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಅವರ ಪ್ರಬಂಧವನ್ನು ಪದವಿಗೆ ಪರಿಗಣಿಸಲಿಲ್ಲ ಎಂಬುದು ದಾಖಲಾದ ಸಂಗತಿ.

‘ಮೊಟ್ಟಮೊದಲ’ ಎಂಬ ಪದ ಕಂಡಲ್ಲೆಲ್ಲ ನಿಲ್ಲಿ. ಯಾವ ದೇಶದಲ್ಲಿ, ಯಾವ ಪದವಿಯಲ್ಲಿ, ಯಾವ ಸಂಸ್ಥೆಯಲ್ಲಿ ಮೊದಲು ಎಂದು ಹೇಳಲಾಗದಿದ್ದರೆ ಆ ಪದವನ್ನೇ ತೆಗೆಯಿರಿ.

ನಾಲ್ಕನೇ ವಾರ: ಅಚ್ಚು ಮತ್ತು ಗೋಡೆ

ಫಲಕದ ಅಳತೆ ಎ2 (42 × 59.4 ಸೆಂ.ಮೀ.), ಉದ್ದುದ್ದ. ಶೀರ್ಷಿಕೆ 72 ಪಾಯಿಂಟ್, ಬರಹ 28ರಿಂದ 32 ಪಾಯಿಂಟ್. ಸಾಲುಗಳ ನಡುವಿನ ಅಂತರ 1.4ಕ್ಕಿಂತ ಕಡಿಮೆ ಮಾಡಬೇಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಮುಂದಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗಿ ಓದಲು ಕಷ್ಟವಾಗುತ್ತದೆ. ಯುನಿಕೋಡ್ ಫಾಂಟಿನಲ್ಲೇ ಬರೆಯಿರಿ. ಅಚ್ಚಿಗೆ ಕೊಡುವಾಗ ವರ್ಡ್ ಕಡತ ಬೇಡ, ಫಾಂಟ್ ಒಳಸೇರಿಸಿದ ಪಿಡಿಎಫ್ ಕೊಡಿ. ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚದುರಿದ ಫಲಕ ಕೈಗೆ ಬರುತ್ತದೆ. ಮಾದರಿಗೆ ಒಂದು ಫಲಕವನ್ನು ಎ4ನಲ್ಲಿ ತೆಗೆದು ನೋಡಿ, ಆಮೇಲೆ ಉಳಿದವು.

ಫೋಟೊ 20 ಸೆಂ.ಮೀ. ಅಗಲಕ್ಕೆ ಅಚ್ಚಾಗಬೇಕಾದರೆ ಕನಿಷ್ಠ 1,200 ಪಿಕ್ಸೆಲ್ ಅಗಲವಿರಬೇಕು. ಮರುಬಳಕೆಗೆ ಅನುಮತಿ ಇರುವ ಚಿತ್ರವನ್ನೇ ಆರಿಸಿ, ತೆಗೆದವರ ಹೆಸರು ಕೆಳಗೆ ಹಾಕಿ. ಭಾವಚಿತ್ರ ಸಿಗದಿದ್ದರೆ ಕೃತಕ ಬುದ್ಧಿಮತ್ತೆಯಿಂದ ಮುಖ ಬರೆಸಬೇಡಿ. ಅದು ಬೇರೆ ಯಾರದೋ ಮುಖ. ಅವರ ಕೆಲಸದ ಚಿತ್ರ ಹಾಕಿ: ಚಿಪ್ಪು, ರೋಹಿತ, ತೊಟ್ಟಿಯ ನಕ್ಷೆ. ಭಾವಚಿತ್ರ ಸಿಕ್ಕರೂ ಇಳಿವಯಸ್ಸಿನದನ್ನು ಬಿಟ್ಟು, ಆ ಕೆಲಸ ಮಾಡುತ್ತಿದ್ದಾಗಿನದನ್ನು ಹುಡುಕಿ. ಜೋಸೆಲಿನ್ ಬೆಲ್ ಬರ್ನೆಲ್ 1967ರಲ್ಲಿ, ಮಿಡಿತದಂತೆ ರೇಡಿಯೊ ಅಲೆ ಸೂಸುವ ನಕ್ಷತ್ರವಾದ ಪಲ್ಸಾರ್‌ನ ಗುರುತು ಕಂಡಾಗ ಇನ್ನೂ ಸಂಶೋಧನಾ ವಿದ್ಯಾರ್ಥಿನಿ, ವಯಸ್ಸು 24. ಆ ಪ್ರಾಯದ ಮುಖ ಮಕ್ಕಳಿಗೆ ಹತ್ತಿರ.

ತೂಗುಹಾಕುವ ಎತ್ತರ: ಫಲಕದ ನಡುಭಾಗ ನೆಲದಿಂದ 120 ಸೆಂ.ಮೀ. ಇರಲಿ. ದೊಡ್ಡವರ ಕಣ್ಣಿನ ಮಟ್ಟಕ್ಕೆ ಹಾಕಿದರೆ ಚಿಕ್ಕವರೂ ಗಾಲಿಕುರ್ಚಿಯಲ್ಲಿರುವವರೂ ಓದಲಾರರು. ಹೊಳೆಯುವ ಲ್ಯಾಮಿನೇಶನ್ ಬೇಡ, ಕಿಟಕಿಯ ಬೆಳಕು ಹೊಡೆದು ಅಕ್ಷರ ಕಾಣುವುದಿಲ್ಲ. ಮಂಕು ಲ್ಯಾಮಿನೇಶನ್ ಮಾಡಿಸಿ. ಪ್ರತಿ ಫಲಕವನ್ನೂ ಮಗುವೊಂದರ ದನಿಯಲ್ಲಿ ಓದಿಸಿ ಧ್ವನಿಮುದ್ರಿಸಿ, ಕ್ಯೂಆರ್ ಕೋಡ್ ಹಾಕಿ. ಕಣ್ಣು ಕಾಣದವರಿಗಾಗಿ ಆ ಕೋಡಿನ ಚೌಕದ ಅಂಚಿಗೆ ದಾರ ಅಂಟಿಸಿದರೆ ಬೆರಳಿಗೆ ಸಿಗುತ್ತದೆ. ಎಲ್ಲ ಫಲಕಗಳಲ್ಲೂ ಅದು ಒಂದೇ ಮೂಲೆಯಲ್ಲಿರಲಿ.

ಫಲಕದ ಕೆಳಗೊಂದು ಮೇಜು

ಹನ್ನೆರಡರಲ್ಲಿ ಕನಿಷ್ಠ ನಾಲ್ಕು ಫಲಕಗಳ ಕೆಳಗೆ ಮಕ್ಕಳು ಮಾಡಿನೋಡುವ ಏನಾದರೂ ಇರಲಿ. ವೇಷ ಹಾಕಿಸುವ ಸ್ಪರ್ಧೆಗಿಂತ ಇದು ಎಷ್ಟೋ ಮೇಲು. ವೇಷದಲ್ಲಿ ಮಗು ಕಲಿಯುವುದು ಗಡ್ಡ, ಸೀರೆ, ಕನ್ನಡಕ. ಮೈಬಣ್ಣ ಬಳಿಯುವ, ಅಂಗವೈಕಲ್ಯ ನಟಿಸುವ ಅವಮಾನವೂ ಅಲ್ಲಿ ನುಸುಳುತ್ತದೆ. ಪೊಕೆಲ್ಸ್ ತೊಟ್ಟಿಯನ್ನು ಕಟ್ಟುವ ಬಗೆ ಇದು.

ಬೇಕಾದ್ದು: ನೇರ, ಚಪ್ಪಟೆ ಅಂಚಿನ 30–40 ಸೆಂ.ಮೀ. ಉದ್ದದ ಲೋಹದ ಟ್ರೇ. ಗಟ್ಟಿ ಪ್ಲಾಸ್ಟಿಕ್ ಹಾಳೆಯಿಂದ 2 ಸೆಂ.ಮೀ. ಅಗಲಕ್ಕೆ ಕತ್ತರಿಸಿದ, ಟ್ರೇಯ ಅಗಲಕ್ಕಿಂತ 4 ಸೆಂ.ಮೀ. ಉದ್ದವಿರುವ ಮೂರು ಪಟ್ಟಿಗಳು, ನುಣ್ಣಗಿನ ಕಾಳುಮೆಣಸಿನ ಪುಡಿ, ಅಡುಗೆ ಎಣ್ಣೆ, ಹಲ್ಲುಕಡ್ಡಿಗಳು.

ಟ್ರೇ ಮತ್ತು ಪಟ್ಟಿಗಳನ್ನು ಸೋಪಿನಿಂದ ತೊಳೆದು, ಬಿಸಿನೀರಿನಲ್ಲಿ ಐದಾರು ಸಲ ಜಾಲಿಸಿ. ಆಮೇಲೆ ಒಳಮೈ ಮುಟ್ಟಬೇಡಿ. ಮೇಜಿನ ಮೇಲಿಟ್ಟು ಅಂಚಿನವರೆಗೆ ನೀರು ತುಂಬಿ. ಒಂದು ಕಡೆ ಚೆಲ್ಲಿದರೆ ಆ ಬದಿಗೆ ಮಡಿಸಿದ ಕಾಗದ ಕೊಟ್ಟು ಮಟ್ಟ ಮಾಡಿ. ನೀರು ಅಂಚಿಗಿಂತ ಕೂದಲೆಳೆಯಷ್ಟು ಉಬ್ಬಿ ನಿಲ್ಲಬೇಕು. ಒಂದು ಪಟ್ಟಿಯನ್ನು ಅಡ್ಡವಿಟ್ಟು ಟ್ರೇಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸರಿಸಿ, ಅಲ್ಲೇ ಬಿಡಿ. ಮೇಲ್ಮೈಯ ಕೊಳೆಯೆಲ್ಲ ಪಟ್ಟಿಗೂ ಆ ತುದಿಗೂ ನಡುವೆ ಸೇರುತ್ತದೆ. ಎರಡನೇ ಪಟ್ಟಿಯನ್ನು ನಡುವೆ ಇಡಿ. ಎರಡೂ ಬದಿಗೆ ಚಿಟಿಕೆಯಲ್ಲಿ ಅರ್ಧದಷ್ಟು ಪುಡಿ ಉದುರಿಸಿ. ಹಲ್ಲುಕಡ್ಡಿಯ ತುದಿಯನ್ನು ಎಣ್ಣೆಗದ್ದಿ, ಬಟ್ಟೆಗೆ ಒರೆಸಿ, ಎಡಬದಿಯ ನೀರಿಗೆ ತಾಗಿಸಿ. ಆ ಬದಿಯ ಪುಡಿ ಮಾತ್ರ ಅಂಚಿಗೆ ಓಡುತ್ತದೆ, ಬಲಬದಿ ಮಿಸುಕುವುದಿಲ್ಲ. ಈಗ ನಡುವಿನ ಪಟ್ಟಿಯನ್ನು ಎತ್ತಿ. ಎಣ್ಣೆಯ ಪದರ ಬಲಕ್ಕೆ ನುಗ್ಗಿ, ಅಲ್ಲಿನ ಪುಡಿಯನ್ನು ತಳ್ಳಿಕೊಂಡು ಹೋಗುವುದು ಕಣ್ಣಿಗೇ ಕಾಣುತ್ತದೆ.

ಪುಡಿ ಓಡದಿದ್ದರೆ ಟ್ರೇಯಲ್ಲಿ ಸೋಪು ಅಥವಾ ಜಿಡ್ಡು ಉಳಿದಿದೆ, ಮತ್ತೆ ಬಿಸಿನೀರು. ಪುಡಿ ಹೊಪ್ಪಳೆಯಂತೆ ಕಟ್ಟಿಕೊಂಡರೆ ಹೆಚ್ಚಾಗಿದೆ. ಬಲಬದಿಯೂ ಕದಲಿದರೆ ನೀರು ತಗ್ಗಿ, ಪಟ್ಟಿಯ ಕೆಳಗಿನಿಂದ ಪದರ ನುಸುಳಿದೆ. ಚಮಚದಲ್ಲಿ ಇನ್ನಷ್ಟು ನೀರು ಹಾಕಿ. ಎಣ್ಣೆ ಹನಿಹನಿಯಾಗಿ ನಿಂತರೆ ಹೆಚ್ಚಾಯಿತು, ಅಥವಾ ಯಂತ್ರಕ್ಕೆ ಬಿಡುವ ಎಣ್ಣೆ ತಂದಿದ್ದೀರಿ, ಅದು ಹೀಗೆ ಹರಡುವುದಿಲ್ಲ. ಪ್ರತಿ ಗುಂಪಿನ ನಂತರ ಮೂರನೇ ಪಟ್ಟಿಯಿಂದ ಮೇಲ್ಮೈ ಗುಡಿಸಿ, ಅಂಚಿನಲ್ಲಿ ಚೆಲ್ಲುವಂತೆ ಹೊಸ ನೀರು ಹಾಕಿದರೆ ಎರಡು ಮೂರು ಸಲ ನಡೆಯುತ್ತದೆ, ಆಮೇಲೆ ತೊಳೆಯಲೇಬೇಕು. ಎರಡು ಟ್ರೇ ಇಟ್ಟುಕೊಂಡರೆ ಸಾಲು ನಿಲ್ಲುವುದಿಲ್ಲ.

ವರ್ಮಯ್ ಅವರ ಫಲಕದ ಕೆಳಗೆ ಬಟ್ಟೆಚೀಲದಲ್ಲಿ ಐದು ಬಗೆಯ ಚಿಪ್ಪುಗಳನ್ನಿಟ್ಟು, ಒಳಗೆ ಕೈಹಾಕಿ ಸುರುಳಿ ಯಾವ ಕಡೆ ತಿರುಗಿದೆ, ಬಾಯಂಚು ದಪ್ಪವೋ ತೆಳುವೋ, ಒಡೆದು ಮತ್ತೆ ಬೆಳೆದ ಗಾಯವಿದೆಯೋ ಎಂದು ಬರೆಯಹೇಳಿ. ಕಣ್ಣಿಗೆ ಬಟ್ಟೆ ಕಟ್ಟಬೇಡಿ. ಇದು ಕುರುಡುತನ ಹೇಗಿರುತ್ತದೆ ಎಂದು ತೋರಿಸುವ ಆಟವಲ್ಲ, ಬೆರಳಿನಿಂದಲೂ ಗಮನಿಸುವ ವಿದ್ಯೆ.

ಐದನೇ ವಾರ: ಬಂದು ಮಾತಾಡುವವರು

ಫಲಕಕ್ಕಿಂತ ಎದುರು ನಿಂತ ಮನುಷ್ಯರ ಪರಿಣಾಮ ಹೆಚ್ಚು. ಫ್ರಾನ್ಸಿನ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕ್ಷೇತ್ರದ ಮಹಿಳೆಯರು ಒಂದೇ ಒಂದು ಗಂಟೆ ಬಂದು ಮಾತಾಡಿದ್ದರಿಂದ, ಕೊನೆಯ ವರ್ಷದ ಹುಡುಗಿಯರು, ಅದರಲ್ಲೂ ಗಣಿತದಲ್ಲಿ ಮುಂದಿದ್ದವರು, ಗಂಡಸರೇ ಹೆಚ್ಚಿರುವ ವಿಜ್ಞಾನ ಕೋರ್ಸುಗಳನ್ನು ಹೆಚ್ಚಾಗಿ ಆರಿಸಿಕೊಂಡರು. ‘ಇಲ್ಲಿ ಹೆಂಗಸರು ಎಷ್ಟು ಕಡಿಮೆ ಇದ್ದಾರೆ ನೋಡಿ’ ಎಂಬುದನ್ನೇ ಒತ್ತಿ ಹೇಳಿದಾಗ ಫಲ ಕಮ್ಮಿ. ಕೆಲಸದ ಸ್ವಾರಸ್ಯ ಹೇಳಿದಾಗ ಹೆಚ್ಚು.

ದೊಡ್ಡ ಹೆಸರಿನವರನ್ನೇ ಹುಡುಕಬೇಡಿ. ಮಕ್ಕಳಿಗಿಂತ ಹತ್ತು ವರ್ಷ ಮುಂದಿರುವ ಸಂಶೋಧನಾ ವಿದ್ಯಾರ್ಥಿ, ಪ್ರಯೋಗಾಲಯದ ತಂತ್ರಜ್ಞೆ, ನೀರಿನ ಗುಣಮಟ್ಟ ಪರೀಕ್ಷಿಸುವವರು ಇವರೆಲ್ಲ ಹೆಚ್ಚು ಹತ್ತಿರವಾಗುತ್ತಾರೆ. 45 ನಿಮಿಷದಲ್ಲಿ ಹತ್ತು ನಿಮಿಷ ಅವರ ಮಾತು, ಹತ್ತು ನಿಮಿಷ ಅವರು ತಂದ ಉಪಕರಣ, ಉಳಿದದ್ದು ಪ್ರಶ್ನೆಗೆ. ಮೊದಲೇ ತಿಳಿಸಿ: ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡಿದಿರಿ, ಕೊನೆಯ ಸಲ ಯಾವ ಪ್ರಯೋಗ ಕೈಕೊಟ್ಟಿತು, ಓದುವಾಗ ಯಾವ ವಿಷಯ ಕಷ್ಟವಿತ್ತು, ಯಾರು ಕೈಹಿಡಿದರು. ಸ್ಲೈಡುಗಳಿಗೆ ಮಿತಿ ಐದು.

ಮಕ್ಕಳಿಂದ ಎರಡು ದಿನ ಮೊದಲೇ ಚೀಟಿಯಲ್ಲಿ ಪ್ರಶ್ನೆ ಬರೆಸಿ. ಇಲ್ಲವಾದರೆ ಮುಂದಿನ ಬೆಂಚಿನ ಮೂವರೇ ಕೇಳುತ್ತಾರೆ. ಚೀಟಿಗಳನ್ನು ಓದುವಾಗ ‘ಮನೆ, ಮಕ್ಕಳು, ಕೆಲಸ ಹೇಗೆ ನಿಭಾಯಿಸುತ್ತೀರಿ ಮೇಡಂ?’ ಎಂಬಂಥದ್ದು ಸಿಕ್ಕರೆ, ಅದನ್ನು ಗಂಡಸು ಅತಿಥಿಗೂ ಕೇಳುವುದಾದರೆ ಮಾತ್ರ ಇಟ್ಟುಕೊಳ್ಳಿ. ಅತಿಥಿಗೆ ಪ್ರಯಾಣದ ಖರ್ಚು ಮತ್ತು ಗೌರವಧನ ಕೊಡಿ. ಅಲ್ಪಸಂಖ್ಯೆಯಲ್ಲಿರುವವರನ್ನೇ ಎಲ್ಲ ಶಾಲೆಗಳೂ ಪದೇ ಪದೇ ಬಿಟ್ಟಿಯಾಗಿ ಕರೆದರೆ ಅವರ ಸಂಶೋಧನೆಯ ಹೊತ್ತು ಇದರಲ್ಲೇ ಹೋಗುತ್ತದೆ.

ಆರನೇ ವಾರ ಮತ್ತು ಆಮೇಲೆ

ಪ್ರದರ್ಶನ ತೆರೆದ ಮೇಲೆ ಪ್ರತಿ ಮಗುವಿಗೂ ಒಂದೇ ಫಲಕ ಆರಿಸಿಕೊಂಡು ಒಂದು ಪುಟ ಬರೆಯಲು ಹೇಳಿ. ಪ್ರಶ್ನೆ ಮೂರು: ಇವರ ಕೆಲಸದಲ್ಲಿ ನಿನಗೆ ಹೊಸದಾಗಿ ಕಂಡದ್ದೇನು? ಎಂಥ ಜನ ವಿಜ್ಞಾನ ಮಾಡುತ್ತಾರೆ ಎಂಬ ನಿನ್ನ ಎಣಿಕೆ ಇದರಿಂದ ಬದಲಾಯಿತೇ, ಹೇಗೆ? ಇವರನ್ನು ಏನು ಕೇಳಬೇಕೆನಿಸಿತು? ‘ಸ್ಫೂರ್ತಿ ಬಂತು’ ಎಂಬ ಉತ್ತರ ಬಂದರೆ ಪ್ರಶ್ನೆ ಸಡಿಲವಿತ್ತು ಎಂದರ್ಥ. ‘ಯಾವ ವಾಕ್ಯ ಓದಿದಾಗ?’ ಎಂದು ಮರಳಿ ಕೇಳಿ.

ಫಲಕಗಳನ್ನು ಎರಡು ವಾರದ ಮೇಲೆ ಗೋಡೆಯಲ್ಲೇ ಬಿಡಬೇಡಿ, ಮಕ್ಕಳ ಕಣ್ಣಿಗೆ ಅದು ಬರೀ ಗೋಡೆಯಾಗುತ್ತದೆ. ಇಳಿಸಿ, ಪಾಠ ಬಂದಾಗ ಒಂದೊಂದೇ ತನ್ನಿ: ಮೇಲ್ಮೈ ಎಳೆತದ ಪಾಠದ ದಿನ ಪೊಕೆಲ್ಸ್, ಪರಮಾಣು ವಿದಳನಕ್ಕೆ ಮೈಟ್ನರ್, ನಕ್ಷತ್ರಗಳ ಬಣ್ಣಕ್ಕೆ ಸಹಾ ಮತ್ತು ಕ್ಯಾನನ್ ಜೊತೆಯಾಗಿ. ಪಾಠದೊಳಗೆ ಬಂದ ವಿಜ್ಞಾನಿ ‘ಹೆಚ್ಚುವರಿ ಮಾಹಿತಿ’ ಆಗಿ ಉಳಿಯುವುದಿಲ್ಲ.

ಪ್ರದರ್ಶನ ಮುಗಿದು ಆರು ವಾರವಾದ ಮೇಲೆ, ಏನೂ ಮುನ್ಸೂಚನೆ ಕೊಡದೆ ಮತ್ತೆ ಅದೇ ಚಿತ್ರ ಬರೆಸಿ, ಅದೇ ಸೂಚನೆ, ಅಷ್ಟೇ ಹೊತ್ತು. ಸಂಖ್ಯೆ ನೋಡಿ ಹಳೆಯ ಹಾಳೆಯ ಪಕ್ಕ ಇಡಿ. ಹೆಣ್ಣಿನ ಚಿತ್ರ ಹೆಚ್ಚಾಯಿತೇ ಎಂಬುದೊಂದನ್ನೇ ಎಣಿಸಬೇಡಿ. ನಿಮ್ಮನ್ನು ಮೆಚ್ಚಿಸಲು ಮಕ್ಕಳು ಅಷ್ಟು ಮಾಡಬಲ್ಲರು. ಕೆಳಗಿನ ಬರಹ ಓದಿ. ‘ಪ್ರಯೋಗ ಮಾಡುತ್ತಿದ್ದಾರೆ’ ಎಂದಿದ್ದ ಕಡೆ ‘ಚಿಪ್ಪಿನ ಗಾಯ ಎಣಿಸುತ್ತಿದ್ದಾರೆ’ ಎಂದು ಬಂದಿದ್ದರೆ, ಒಬ್ಬರೇ ಇದ್ದ ಕಡೆ ಇಬ್ಬರು ಮೂವರು ಸೇರಿದ್ದರೆ, ವಿಜ್ಞಾನಿಯ ಹೆಸರಿನ ಜಾಗದಲ್ಲಿ ಮಗು ತನ್ನದೇ ಹೆಸರು ಬರೆದಿದ್ದರೆ, ಆ ಹಾಳೆಗಳನ್ನು ಬೇರೆ ತೆಗೆದಿಡಿ. ಯಾವ ಮಕ್ಕಳ ಚಿತ್ರ ಕೊಂಚವೂ ಬದಲಾಗಿಲ್ಲ ಎಂದು ನೋಡಿ. ಮುಂದಿನ ವರ್ಷದ ಹನ್ನೆರಡು ಮಂದಿಯನ್ನು ಆರಿಸುವಾಗ ಕೋಷ್ಟಕದ ಮೊದಲ ಸಾಲನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ತುಂಬಿ.